ಅಜ್ಜಿ ಮಲಗಿಯೇ ಹೋದಳು

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ. ಮಾದಾಪುರದ ಹತ್ತಿರ ನಮಗಿದ್ದದ್ದು ಒಂದಿಷ್ಟು ಗದ್ದೆ, ಅದರ ಮೇಲೆ ಅಂಗೈಯಗಲದ ಕಾಫಿ ತೋಟ. ಹಣ್ಣು ಕೊಯ್ಯುವ ಪಿಕಿಂಗ್ ಶುರುವಾದರೆ ಕಣದ ತುಂಬ ಕಾಫಿ ಹಣ್ಣಿನ ಹುಳಿವಾಸನೆ. ಅದರ ಅಂಚಿನಲ್ಲೇ ಕುಂಟೆಬಿಲ್ಲೆ ಆಡಿ ಬೈಸಿಕೊಳ್ಳುತ್ತಿದ್ದೆವು. ಸಂಜೆ ಅಜ್ಜಿಯ ಮಂಡಿಗೆ ಬಿಸಿ ಹರಳೆಣ್ಣೆ ತಿಕ್ಕುವ ಕೆಲಸ ನನ್ನದು. ಆ ಮಂಡಿ ಮಡಿಸಲು ಬರುತ್ತಿರಲಿಲ್ಲ. ತುಸು ಬಗ್ಗಿಸಿದರೂ ಅಜ್ಜಿ ನನ್ನ ಜಡೆ ಹಿಡಿದು ಎಳೆಯುತ್ತಿದ್ದಳು.

ನಮ್ಮಲ್ಲಿ ಸತ್ತವರನ್ನು ಕಾಲು ಮಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿಯೇ ಮಣ್ಣು ಮಾಡುತ್ತಾರೆ. ಒಂದು ವರ್ಷ ಪಕ್ಕದ ಮನೆಯ ಮುದುಕ ತೀರಿಕೊಂಡ. ಅವನ ಸೆಟೆದ ಕಾಲು ಮಡಿಸಲು ಜನ ಪಟ್ಟ ಪಾಡನ್ನು ಅಜ್ಜಿ ಕಣ್ಣಾರೆ ಕಂಡಳು. ಮನೆಗೆ ಬಂದವಳೇ ತನ್ನ ಇಬ್ಬರು ಗಂಡುಮಕ್ಕಳನ್ನು, ದೊಡ್ಡಪ್ಪನನ್ನೂ ನಮ್ಮಪ್ಪನನ್ನೂ, ಜಗಲಿಗೆ ಕರೆದಳು.

"ನನ್ ಕಾಲು ಮುರೀಬ್ಯಾಡಿ ಕಣ್ರೋ. ಮಲಗ್ಸಿ ಮಣ್ಣು ಮಾಡಿ."

"ಬಿಡ್ತು ಅನ್ನವ್ವ! ದೀಪ ಹಚ್ಚೋ ಹೊತ್ತಲ್ಲಿ ಎಂಥ ಮಾತು!" ದೊಡ್ಡಪ್ಪ ಎದ್ದೇ ಬಿಟ್ಟ. "ಅಯ್ನೋರು ಒಪ್ಪಲ್ಲ. ನೆಂಟ್ರು ಏನಂದಾರು?"

"ಈ ಮನೆಗೆ ಬಂದಾಗಿಂದ ಒಂದಿನ ಯಾರಾದ್ರೂ ನಂಗೆ ಕೂತ್ಕೊ ಅಂದ್ರಾ? ನೀರು, ನಾಟಿ, ಕೊಟ್ಟಿಗೆ, ಒಲೆ. ಈಗ ಸತ್ತ ಮೇಲೆ ಕೂರಿಸ್ತೀರಾ? ನಾ ಮಲಗ್ತೀನಿ ಹೋಗೋ!"

ನಾನು ಕಿಸಕ್ಕನೆ ನಕ್ಕೆ. ಅಪ್ಪ ನಗಲಿಲ್ಲ. "ತಲೆ ಯಾವ ಕಡೆ ಇಡ್ಲವ್ವ?" ಎಂದು ಕೇಳಿದ.

"ಎಲ್ಲಾದ್ರೂ ಇಡು ಮಗಾ. ಕಾಲು ಚಾಚ್ಸು, ಸಾಕು."

ಮಳೆ ಹಿಡಿಯುವ ಮೊದಲೇ ಅಜ್ಜಿ ಹೋದಳು. ದೊಡ್ಡಪ್ಪ ಕೂರಿಸುವ ಗುಂಡಿಗೇ ಗುರುತು ಹಾಕಿಸಿದ. ಅಪ್ಪ ಗುದ್ದಲಿ ಕಿತ್ತುಕೊಂಡು ಅದನ್ನು ಉದ್ದಕ್ಕೆ ಅಗೆದ. ಅಯ್ಯನವರು ಮುಖ ಗಂಟಿಕ್ಕಿಕೊಂಡು ಹೊರಟೇ ಹೋದರು, ನೆಂಟರು ಮಣ್ಣಾದ ಮೇಲಿನ ಊಟದ ಎಲೆಯ ಮುಂದೆ ಕೂರಲಿಲ್ಲ. "ಅವ್ವನ ಮಾತು ಕೇಳಿದೀನಿ. ಬೇರೆ ಯಾರ್ದೂ ಕೇಳಲ್ಲ" ಎಂದು ಅಪ್ಪ ಅವಳ ಅಂಗೈಯಲ್ಲಿ ಲಿಂಗವಿಟ್ಟು ತಾನೇ ಮಲಗಿಸಿದ. ಆಮೇಲೆ ಬಹಳ ಕಾಲ ನಮ್ಮನ್ನು ಯಾರೂ ಮದುವೆಗೆ ಕರೆಯಲಿಲ್ಲ. ಕರೆಯದಿದ್ದರೆ ಕತ್ತೆ ಬಾಲ! ಅಂಥ ಅಪ್ಪನ ಮಗಳೆಂದು ನನಗೆ ಈಗಲೂ ಹೆಮ್ಮೆ.

ಈಗ ಆ ಕಟ್ಟೆಲ್ಲ ಸಡಿಲಿದೆ. ಹೇಗೆ ಮಣ್ಣು ಮಾಡಿದರೂ ಕೇಳುವವರಿಲ್ಲ. ಆದರೆ ಸಾಯುವವರನ್ನೂ ಯಾರೂ ಕೇಳುವುದಿಲ್ಲ. ನಾನು ಬಾಯಿ ತೆರೆದರೆ ಸಾಕು, "ಸುಮ್ನಿರಮ್ಮ, ನೀನು ನೂರು ವರ್ಷ ಇರ್ತೀಯ" ಎಂದು ಮಗ ಮಾತು ತಿರುಗಿಸುತ್ತಾನೆ. ನೂರು ವರ್ಷ ಯಾರು ಕೇಳಿದರು? ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಚುಚ್ಚಿಸಬೇಡ, ಮನೆಯಲ್ಲೇ ಬಿಡು ಎಂಬ ನನ್ನ ಮಾತು ಅವನ ಕಿವಿಗೆ ಬಿದ್ದರೆ ಸಾಕು. ಈ ಸಲ ಅವನು ಊರಿಗೆ ಬರಲಿ. ಬಾಗಿಲು ಹಾಕಿ, ಅವನು ಅತ್ತರೂ ಬಿಡದೆ, ಹೇಳಿಯೇ ತೀರುತ್ತೇನೆ.