ನಿಂತು ನೋಡಿದ ಜಾಗ

ಟೊಪ್ಪಿ ತೆಗೆದರೆ ನಮ್ಮ ಇನ್‌ಸ್ಪೆಕ್ಟರ್ ಮೇಡಂ ಹಣೆಯಲ್ಲಿ ಒಂದು ಗೆರೆ ಕಾಣುತ್ತಿತ್ತು. ಗೆರೆಯ ಮೇಲೆ ಅವರ ಹುಟ್ಟುಬಣ್ಣ, ಗೆರೆಯ ಕೆಳಗೆ ಬಿಸಿಲಿನ ಬಣ್ಣ. ಉಚ್ಚಿಲದ ಕಡಲ ಬದಿಯ ಮನೆಯವಳಾದ ನಾನು ಬೋಟಿನವರ ಕುತ್ತಿಗೆಯಲ್ಲಿ, ಮೀನು ಒಣಗಿಸುವ ಹೆಂಗಸರ ತೋಳಿನಲ್ಲಿ ಇಂತಹ ಗೆರೆಗಳನ್ನು ಚಿಕ್ಕಂದಿನಿಂದಲೇ ಕಂಡಿದ್ದೇನೆ. ಆದರೆ ಜೀಪು ಇರುವ ಅಧಿಕಾರಿಯ ಹಣೆಯಲ್ಲಿ ಅದನ್ನು ಕಂಡದ್ದು ಅವರೊಬ್ಬರಲ್ಲೇ. ಅವರ ಕೈಕೆಳಗೆ ಕೆಲಸಕ್ಕೆ ಬಂದ ಮೊದಲ ದಿನ ಆ ಗೆರೆಯನ್ನೇ ನೋಡುತ್ತ ನಿಂತುಬಿಟ್ಟಿದ್ದೆ. "ಎಂತ, ಬೊಟ್ಟು ಓರೆಯಾಗಿದೆಯಾ?" ಎಂದು ಕೇಳಿದರು.

ನಾನು ಗೃಹರಕ್ಷಕಿ, ಜನರ ಬಾಯಲ್ಲಿ ಹೋಮ್‌ಗಾರ್ಡ್. ಉಡುಪಿ ಪೇಟೆಯ ಒಂದು ಠಾಣೆಯಲ್ಲಿ ವಾಹನಗಳನ್ನು ನಿಭಾಯಿಸುವ ಕೆಲಸ. ನಮಗೂ ಖಾಕಿ ಇದೆ, ಪೊಲೀಸರ ಹಾಗೆ ತಿಂಗಳ ಸಂಬಳ ಇಲ್ಲ. ಡ್ಯೂಟಿ ಮಾಡಿದ ದಿನಕ್ಕೆ ಗೌರವಧನ, ಮಾಡದ ದಿನಕ್ಕೆ ಗೌರವವೂ ಇಲ್ಲ, ಧನವೂ ಇಲ್ಲ. ಗಂಡ ಮಲ್ಪೆಯಿಂದ ಬೋಟಿಗೆ ಹೋಗುವವರು. ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಆಗ ನಮ್ಮ ಮನೆ ನಡೆಯುವುದು ನಾನು ರಸ್ತೆಯಲ್ಲಿ ನಿಂತ ದಿನಗಳ ಮೇಲೆ.

ನಾವು ದುಡಿದ ದಿನಗಳ ಹಾಜರಿ ಠಾಣೆಯಿಂದ ನಮ್ಮ ಗೃಹರಕ್ಷಕ ದಳದ ಕಚೇರಿಗೆ ಹೋದರೆ ಮಾತ್ರ ನಮಗೆ ದುಡ್ಡು. ಮೇಡಂ ಬರುವ ಮೊದಲು ಅದು 'ನಾಳೆ ಕಳಿಸುವ' ಎಂಬ ಮಾತಿನಲ್ಲೇ ತಿಂಗಳು ಕಳೆಯುತ್ತಿತ್ತು. ಯಾರೂ ಕೆಟ್ಟವರಲ್ಲ, ಎಲ್ಲರಿಗೂ ಬೇರೆ ಕೆಲಸ ಇತ್ತು, ಅಷ್ಟೇ. ಮೇಡಂ ಬಂದ ತಿಂಗಳು ಠಾಣೆಯ ಸಂಬಳದ ಬಿಲ್ಲು ಸಹಿಗೆ ಬಂದಾಗ ಪೆನ್ನು ಮುಚ್ಚಿಟ್ಟರು. "ಹೋಮ್‌ಗಾರ್ಡ್‌ಗಳ ಹಾಜರಿ ಹೋಗಿದೆಯಾ? ಅದು ಹೋಗದೆ ಇದಕ್ಕೆ ಸಹಿ ಇಲ್ಲ" ಎಂದರು.

"ಮೇಡಂ, ಅವರದ್ದಕ್ಕಾಗಿ ನಮ್ಮೆಲ್ಲರ ಸಂಬಳ ತಡ ಆಗ್ತದೆ," ಎಂದರು ಬರವಣಿಗೆಯ ಹೆಡ್ ಕಾನ್‌ಸ್ಟೆಬಲ್.

"ನನ್ನದೂ ತಡ ಆಗ್ತದೆ ಅಲ್ವಾ? ಹಾಗಾದರೆ ಬೇಗ ಮಾಡುವ."

ಮಧ್ಯಾಹ್ನದ ಊಟಕ್ಕೆ ಮೊದಲೇ ನಮ್ಮ ಹಾಜರಿ ಹೊರಟಿತು! ಆಮೇಲೆ ಒಂದು ತಿಂಗಳೂ ನಿಲ್ಲಲಿಲ್ಲ. ಮೊದಲು 'ಏಯ್ ಹೋಮ್‌ಗಾರ್ಡ್' ಎಂದು ಕರೆಯುತ್ತಿದ್ದವರು ತಿಂಗಳ ಕೊನೆಗೆ ನಮ್ಮನ್ನು ಹುಡುಕಿಕೊಂಡು ಬಂದು, "ನಿಮ್ಮದು ಹೋಯಿತಲ್ಲ?" ಎಂದು ವಿಚಾರಿಸತೊಡಗಿದರು. ತನ್ನ ಹೊಟ್ಟೆಗೂ ಇನ್ನೊಬ್ಬರ ಹೊಟ್ಟೆಗೂ ಒಂದೇ ಹಗ್ಗ ಕಟ್ಟಿದರೆ ಮನುಷ್ಯ ಎಷ್ಟು ಬೇಗ ಸುಧಾರಿಸುತ್ತಾನೆ ಎಂದು ನಾನು ಬೆರಗಾದೆ.

ಹಣೆಯ ಗೆರೆಯ ಕಥೆ ಬೇರೆ. ಯಾವುದೇ ಹೊಸ ಜಾಗಕ್ಕೆ ನಮ್ಮನ್ನು ಹಾಕುವ ಮೊದಲು ಅವರು ಅಲ್ಲಿಗೆ ಹೋಗಿ, ಜೀಪನ್ನು ಹಿಂದೆ ಕಳಿಸಿ, ಒಬ್ಬರೇ ನಿಲ್ಲುತ್ತಿದ್ದರು. ಫೋಟೋ ತೆಗೆಸಿಕೊಳ್ಳುವಷ್ಟು ಹೊತ್ತಲ್ಲ, ನಡು ಮಧ್ಯಾಹ್ನ, ಬೆವರು ಇಳಿದು ಕಾಲರು ಒದ್ದೆಯಾಗುವ ತನಕ. "ನಾನು ನಿಂತು ನೋಡದ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸುವುದಿಲ್ಲ," ಎನ್ನುತ್ತಿದ್ದರು. ಮೊದಮೊದಲು ನಾವು ಮುಸಿಮುಸಿ ನಕ್ಕೆವು. ಸುಖ ಹೆಚ್ಚಾದರೆ ಬಿಸಿಲು ಹುಡುಕುತ್ತಾರೆ ಎಂದು ನಾನೇ ಅಂದದ್ದುಂಟು.

ಆದರೆ ನಿಂತವರಿಗೆ ಮಾತ್ರ ಕಾಣುವ ಸಂಗತಿಗಳಿರುತ್ತವೆ. ಬಸ್ ನಿಲ್ದಾಣದ ಎದುರಿನ ಜಾಗದಲ್ಲಿ ನಿಂತು ಬಂದ ದಿನ ಅವರು ನನ್ನನ್ನು ಕರೆದು, "ಅಲ್ಲ ಮಾರಾಯ್ತಿ, ನೀವು ಬೆಳಿಗ್ಗೆಯಿಂದ ಅಲ್ಲಿ ಇರುತ್ತೀರಿ. ಬಚ್ಚಲಿಗೆ ಎಲ್ಲಿಗೆ ಹೋಗುವುದು?" ಎಂದು ಕೇಳಿದರು. ನೀರು ಕುಡಿಯದೆ ಇರುವುದೇ ನಮಗೆ ಗೊತ್ತಿದ್ದ ಉಪಾಯ. ಅಷ್ಟು ವರ್ಷ ಯಾರೂ ಕೇಳದ ಪ್ರಶ್ನೆ ಅದು. ಅವರು ಆಗಲೇ ಎದ್ದು ಎದುರಿನ ಹೋಟೆಲಿಗೆ ಹೋಗಿ ಮಾಲೀಕರಿಗೆ ಹೇಳಿದರು: "ನಮ್ಮವರಿಗೆ ಚಹಾ ಪುಕ್ಕಟೆ ಕೊಡಬೇಡಿ. ಹಿಂದಿನ ಬಚ್ಚಲ ಬಾಗಿಲು ಮಾತ್ರ ಪುಕ್ಕಟೆ ಕೊಡಿ." ನಾನು ಆ ಮಧ್ಯಾಹ್ನ ಮೊದಲ ಬಾರಿಗೆ ಡ್ಯೂಟಿಯ ನಡುವೆ ಹೊಟ್ಟೆ ತುಂಬ ನೀರು ಕುಡಿದೆ.

ಬೈಗುಳ ಇರಲಿಲ್ಲ ಎಂದಲ್ಲ. ಬೆಳಗಿನ ಹಾಜರಿಯ ಸಾಲಿನಲ್ಲಿ ಅವರ ನಾಲಿಗೆಗೆ ಸಿಕ್ಕವರು ಸಂಜೆವರೆಗೆ ಕಿವಿ ಉಜ್ಜಿಕೊಳ್ಳಬೇಕು. ಆದರೆ ಬೈಯುವಾಗಲೂ 'ನೀವು' ಎನ್ನುತ್ತಿದ್ದರು.

ಈಗ ಆ ದಿನಕ್ಕೆ ಬರುತ್ತೇನೆ. ಮಳೆ ಇನ್ನೇನು ಬರಬೇಕು, ಬೋಟುಗಳು ಸದ್ಯದಲ್ಲೇ ದಡ ಸೇರಬೇಕು, ಅಂತಹ ಸಮಯ. ಹೆಲ್ಮೆಟ್ ಇಲ್ಲದವರ ಮೇಲೆ ಕೇಸು ಸಾಕಾಗಲಿಲ್ಲ ಎಂದು ಮೇಲಿನಿಂದ ಒತ್ತಡ ಬಂದಿತ್ತು. ಮೇಡಂ ಸಾಕ್ಷಿ ಹೇಳಲು ಕಾರ್ಕಳದ ಕೋರ್ಟಿಗೆ ಹೋಗಿದ್ದರು. ತಪಾಸಣೆಯ ಜಾಗ ಮಣಿಪಾಲದ ರಸ್ತೆಯ ಸಮತಟ್ಟಿನಲ್ಲಿತ್ತು. ಅಲ್ಲಿ ದೂರದಿಂದಲೇ ನಮ್ಮನ್ನು ಕಂಡು ಬೈಕಿನವರು ಹಿಂದೆ ತಿರುಗುತ್ತಿದ್ದರು. ಹೊಸದಾಗಿ ಬಂದಿದ್ದ ಚುರುಕಿನ ಸಬ್ ಇನ್‌ಸ್ಪೆಕ್ಟರಿಗೆ ಒಂದು ಯೋಚನೆ ಹೊಳೆಯಿತು. ಅಡ್ಡಗಟ್ಟೆಯನ್ನು, ಎಂದರೆ ಬ್ಯಾರಿಕೇಡನ್ನು, ಇಳಿಜಾರಿನ ತಿರುವಿನ ಕೆಳಗೆ ಇಟ್ಟರೆ ಯಾರಿಗೂ ತಿರುಗಲು ಆಗುವುದಿಲ್ಲ. ನಮ್ಮೆದುರೇ ಮೇಡಂಗೆ ಫೋನು ಮಾಡಿದರು, ಮಾತು ಅರ್ಧ ನಿಮಿಷವೂ ಇರಲಿಲ್ಲ. "ಆಯಿತಂತೆ, ಎಳೆಯಿರಿ" ಎಂದರು. ಕಬ್ಬಿಣದ ಅಡ್ಡಗಟ್ಟೆಯ ಒಂದು ತುದಿ ಒಬ್ಬ ಕಾನ್‌ಸ್ಟೆಬಲ್ ಹಿಡಿದರು, ಇನ್ನೊಂದು ನಾನು.

ನಿಟ್ಟೆಯ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹುಡುಗ ತಿರುವು ದಾಟಿ ಇಳಿದು ಬಂದ. ಅಡ್ಡಗಟ್ಟೆ ಕಂಡದ್ದು ಹತ್ತಿರ ಬಂದ ಮೇಲೆಯೇ. ಬ್ರೇಕು ಹಾಕಿದ, ಮರಳಿನ ಮೇಲೆ ಚಕ್ರ ಜಾರಿತು, ಬೈಕು ಅವನ ಕಾಲಿನ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಈಗಲೂ ಕೇಳುತ್ತದೆ. ನಾವು ಅವನನ್ನು ಎತ್ತಿ ಆಸ್ಪತ್ರೆಗೆ ಕಳಿಸುವಷ್ಟರಲ್ಲಿ ಸುತ್ತಲೂ ಮೊಬೈಲುಗಳು. ಮಧ್ಯಾಹ್ನದ ಹೊತ್ತಿಗೆ ವಿಡಿಯೋ ಊರೆಲ್ಲ ಹರಡಿತು. ಅದರಲ್ಲಿ ಸ್ಪಷ್ಟವಾಗಿ ಕಾಣುವುದು ಒಂದೇ ಮುಖ, ಅಡ್ಡಗಟ್ಟೆಯ ತುದಿ ಹಿಡಿದು ನಿಂತ ನನ್ನದು.

ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ನನ್ನ ಮುಂದೆ ಬಿಳಿ ಹಾಳೆ ಇಟ್ಟರು. "ಯಾರೂ ಹೇಳದೆ ನಾನೇ ಎಳೆದೆ ಎಂದು ಬರೆಯಿರಿ. ನೀವು ಹೋಮ್‌ಗಾರ್ಡ್, ನಿಮಗೆ ಇಲಾಖೆಯ ವಿಚಾರಣೆ ಇಲ್ಲ. ಸ್ವಲ್ಪ ದಿನ ಮನೆಯಲ್ಲಿರಿ, ಮತ್ತೆ ನೋಡುವ."

ವಿಚಾರಣೆ ಇಲ್ಲ ಎಂಬುದು ನಿಜ. ನಾಳೆಯಿಂದ ಡ್ಯೂಟಿಗೆ ಕರೆಯುವುದಿಲ್ಲ, ಅಷ್ಟೇ. ಮಳೆಗಾಲ ಬಾಗಿಲಲ್ಲಿ ನಿಂತಿತ್ತು. ಒಳಗೆ ಕುದಿಯುತ್ತಿದ್ದೆ, ಆದರೆ ಬಡವನ ಕೋಪ ದವಡೆಗೆ ಮೂಲ ಎಂದು ನನಗೆ ಗೊತ್ತಿಲ್ಲವೇ? "ಮೇಡಂ ಬರಲಿ" ಎಂದಷ್ಟೇ ಹೇಳಿ ಬೆಂಚಿನಲ್ಲಿ ಕುಳಿತೆ.

ಮೇಡಂ ಕಾರ್ಕಳದಿಂದ ಠಾಣೆಗೆ ಬರಲಿಲ್ಲ, ನೆಟ್ಟಗೆ ಆಸ್ಪತ್ರೆಗೆ ಹೋದರು. ಹುಡುಗನ ತಾಯಿ ಅವರನ್ನು ವಾರ್ಡಿನ ಎಲ್ಲರ ಮುಂದೆ ಬಾಯಿಗೆ ಬಂದಂತೆ ಬೈದರಂತೆ. ಅವರು ಟೊಪ್ಪಿ ಕೈಯಲ್ಲಿ ಹಿಡಿದು ಪೂರ್ತಿ ಕೇಳಿಸಿಕೊಂಡರಂತೆ. ಜೀಪಿನ ಡ್ರೈವರ್ ಆಮೇಲೆ ಹೇಳಿದ್ದು ಇದು. ಅಲ್ಲಿಂದ ಹೊರಟವರು ನನ್ನನ್ನೂ ಸಬ್ ಇನ್‌ಸ್ಪೆಕ್ಟರನ್ನೂ ಇಳಿಜಾರಿಗೆ ಕರೆಸಿಕೊಂಡರು. ನಾನು ನಿಂತಿದ್ದ ಜಾಗದಲ್ಲೇ ಹೋಗಿ ನಿಂತರು. ಮೇಲಿನಿಂದ ಬರುವ ಬೈಕುಗಳನ್ನು ನೋಡಿದರು. ಒಂದು, ಇನ್ನೊಂದು, ಮತ್ತೊಂದು. ಎಲ್ಲವೂ ತಿರುವಿನಿಂದ ತಟ್ಟನೆ ಹಾರಿ ಬರುತ್ತಿದ್ದವು. ಕೊನೆಗೆ, "ಇಲ್ಲಿ ನಾನು ಒಮ್ಮೆಯೂ ನಿಂತಿಲ್ಲ" ಎಂದರು.

ಸಬ್ ಇನ್‌ಸ್ಪೆಕ್ಟರ್ ಮೆಲ್ಲನೆ, "ಮೇಡಂ, ಇವರು ಬರೆದುಕೊಟ್ಟರೆ..." ಎಂದು ಆರಂಭಿಸಿದರು.

"ಇವರು ಬರೆಯಲು ಎಂತ ಉಂಟು? ಇಡಲು ಹೇಳಿದ್ದು ನೀವು, ಮಾಡಿ ಎಂದದ್ದು ನಾನು. ಹಿಡಿದ ಕೈ ಮಾತ್ರ ಇವರದ್ದು."

ಮರುದಿನ ಮೇಲಿನ ಸಾಹೇಬರ ಕೋಣೆಗೆ ನಮ್ಮನ್ನು ಕರೆದರು. ಸಾಹೇಬರು ಒಳ್ಳೆಯವರೇ. ಮೇಡಂ ಮೇಲೆ ಅವರಿಗೆ ಅಭಿಮಾನವಿತ್ತು, ಹಾಗಾಗಿ ದಾರಿಯನ್ನೂ ತೋರಿಸಿದರು. "ನೀವು ಆ ಹೊತ್ತಿಗೆ ಕೋರ್ಟಿನಲ್ಲಿದ್ದಿರಿ. ನಿಮ್ಮ ಮೇಲೆ ಏನೂ ಬರುವುದಿಲ್ಲ."

"ಸರ್, ನನ್ನ ಸಾಕ್ಷಿಗೆ ಕರೆಯುವ ಗಡಿಬಿಡಿಯಲ್ಲಿ 'ಮಾಡಿ' ಎಂದುಬಿಟ್ಟೆ. ಆ ಜಾಗವನ್ನು ನೋಡಿರಲಿಲ್ಲ. ಹೇಳಿದ್ದು ಹೇಳಿದ್ದೇ."

"ಇನ್‌ಕ್ರಿಮೆಂಟ್ ಹೋಗುತ್ತದೆ. ಬಡ್ತಿಯೂ ಹಿಂದೆ ಬೀಳುತ್ತದೆ. ಯೋಚಿಸಿ."

"ನನಗೆ ಇನ್‌ಕ್ರಿಮೆಂಟ್ ಹೋಗುತ್ತದೆ, ಇವರಿಗೆ ಕೆಲಸವೇ ಹೋಗುತ್ತದೆ. ಅದೂ ಇದೂ ಒಂದೇ ಅಲ್ಲ ಸರ್."

ನಾನು ಬಾಗಿಲ ಬಳಿ ಅಟೆನ್ಷನ್ನಿನಲ್ಲಿ ನಿಂತಿದ್ದೆ. ಕಣ್ಣಲ್ಲಿ ನೀರು ಬಂದರೂ ಒರೆಸುವಂತಿರಲಿಲ್ಲ. ಸಣ್ಣವರು ದೊಡ್ಡವರನ್ನು ಉಳಿಸಲು ಮುಳುಗುವುದನ್ನು ನೋಡಿದ್ದೇನೆ. ದೊಡ್ಡವರೊಬ್ಬರು ಹೀಗೆ ಸುಮ್ಮನೆ, ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವಷ್ಟು ಸಲೀಸಾಗಿ, ತನ್ನದನ್ನು ಬಿಟ್ಟುಕೊಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಇನ್‌ಕ್ರಿಮೆಂಟ್ ಹೋಯಿತು. ಬಡ್ತಿಯೂ ಬರಲಿಲ್ಲ, ಇನ್‌ಸ್ಪೆಕ್ಟರ್ ಆಗಿಯೇ ನಿವೃತ್ತರಾದರು. ಹುಡುಗ ಮತ್ತೆ ನಡೆಯುವವರೆಗೂ ರಜೆಯ ದಿನಗಳಲ್ಲಿ ಹೋಗಿ ನೋಡಿ ಬರುತ್ತಿದ್ದರು. ಸಬ್ ಇನ್‌ಸ್ಪೆಕ್ಟರಿಗೆ ಅವರು ಮೆಮೊ ಕೊಡಲಿಲ್ಲ. ಅದರ ಬದಲು ಒಂದು ವಾರ ಅದೇ ತಿರುವಿನಲ್ಲಿ, 'ನಿಧಾನ' ಎಂಬ ಬೋರ್ಡು ಹಿಡಿದು ನಿಲ್ಲುವ ಡ್ಯೂಟಿ ಹಾಕಿದರು. ಪಕ್ಕದಲ್ಲಿ ಇನ್ನೊಂದು ಬೋರ್ಡು ಹಿಡಿದು ತಾವೂ ನಿಂತರು. ಬಸ್ಸಿನವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ನನಗೋ, ಸುಳ್ಳು ಯಾಕೆ ಹೇಳಲಿ, ಆ ಸಬ್ ಇನ್‌ಸ್ಪೆಕ್ಟರ್ ಬೆವರುವುದನ್ನು ನೋಡಿ ಬಹಳ ಸಂತೋಷವಾಯಿತು.

ಕಳೆದ ಬೇಸಿಗೆಯಲ್ಲಿ ಮೇಡಂ ತೀರಿಕೊಂಡರು. ಹೃದಯ ನಿಂತಿತು ಎಂದರು. ಬೊಜ್ಜಕ್ಕೆ, ಎಂದರೆ ಉತ್ತರಕ್ರಿಯೆಯ ಊಟಕ್ಕೆ, ಕಾರ್ಕಳದ ಹೊರಗಿನ ಅವರ ಮನೆಗೆ ಹೋದೆ. ಶಂಕರಪುರದ ಮಲ್ಲಿಗೆಯ ಮಾಲೆ ಹಾಕಿದ ಫೋಟೋದಲ್ಲಿ ಅವರು ನಗುತ್ತಿದ್ದರು. ಆದರೆ ಹಣೆಯಲ್ಲಿ ಗೆರೆ ಇರಲಿಲ್ಲ. ಸ್ಟುಡಿಯೋದವನು ಚಂದ ಮಾಡಲು ಹೋಗಿ ಮುಖಕ್ಕೆಲ್ಲ ಒಂದೇ ಬಣ್ಣ ಬಳಿದಿದ್ದ. ನನಗೆ ಸಿಟ್ಟು ಬಂತು. ಯಾರ ಹತ್ತಿರ ಜಗಳ ಮಾಡುವುದು? ಹೊರಗೆ ಬಂದೆ.

ಮನೆಯ ಮುಂದೆಯೇ ರಸ್ತೆಗೆ ಒಂದು ಕುರುಡು ತಿರುವು. ಬಂದವರ ಕಾರುಗಳು ಎರಡೂ ಬದಿ ನಿಂತು, ಬಸ್ಸುಗಳು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬರುತ್ತಿದ್ದವು. ಯಾರೂ ಹೇಳಲಿಲ್ಲ, ಯಾರೂ ಕಳಿಸಲಿಲ್ಲ. ಸೀರೆಯ ಸೆರಗು ಸಿಕ್ಕಿಸಿ ತಿರುವಿನಲ್ಲಿ ನಿಂತು ಕೈ ತೋರಿಸತೊಡಗಿದೆ. ನಡು ಮಧ್ಯಾಹ್ನ, ನೆರಳಿಲ್ಲ.

ಬಹಳ ಹೊತ್ತಿನ ಮೇಲೆ ಬಿಳಿ ಅಂಗಿಯ ಒಬ್ಬರು ಮನೆಯ ಕಡೆಯಿಂದ ನಡೆದು ಬಂದರು. ಅದೇ ಸಬ್ ಇನ್‌ಸ್ಪೆಕ್ಟರ್. ಈಗ ಅವರೂ ಇನ್‌ಸ್ಪೆಕ್ಟರ್, ಬೇರೆ ಊರಿನಲ್ಲಿ.

"ನೀವು ಹೋಗಿ ಊಟ ಮಾಡಿ. ನಾನು ನಿಲ್ಲುತ್ತೇನೆ. ಎಲ್ಲಿ ನಿಂತರೆ ಎರಡೂ ಕಡೆ ಕಾಣುತ್ತದೆ?"

ತೋರಿಸಿದೆ. ಅವರು ಅಲ್ಲೇ ಬಂದು ನಿಂತರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಾಗ ನೋಡಿದೆ, ಅವರ ಹಣೆಯ ಮೇಲೂ ಒಂದು ಗೆರೆ.

ನಾನು ಒಳಗೆ ಹೋಗಿ ಪಂಕ್ತಿಯಲ್ಲಿ ಕುಳಿತೆ. ಎಲೆಗೆ ಅನ್ನ ಬಡಿಸಿದರು. ಮೇಡಂ ಗಂಡ ಬಂದು, "ನಮ್ಮ ಮನೆಯಲ್ಲಿ ಮೊದಲ ಸಲ ಊಟ ಮಾಡುತ್ತಿದ್ದೀರಿ, ಅಲ್ವಾ?" ಎಂದು ಕೇಳಿದರು. ಆ ಮಳೆಗಾಲದಿಂದ ಈವರೆಗೆ ನಮ್ಮ ಮನೆಯಲ್ಲಿ ಬೆಂದ ಅನ್ನವೆಲ್ಲ ಅವರದೇ ಎಂದು ಹೇಳಬೇಕೆಂದಿದ್ದೆ. "ಅಲ್ಲ" ಎಂದಷ್ಟೇ ಹೇಳಿ ಉಣ್ಣತೊಡಗಿದೆ.