ಮನೆಯವಳು, ಮನೆಯಾಳು

"ಆಳಿನ ಮನೆಯ ಹೆಣ್ಣು ನಮಗೆ ಬೇಡ" ಎಂದು ಟೈಲರ್ ಅಡುಗೆಯಾಕೆಯ ಮುಖಕ್ಕೇ ಹೇಳಿದ್ದ. ಅವಳ ಮಗಳನ್ನೇ ಮದುವೆಯಾಗುತ್ತೇನೆಂದು ಅವನ ಮಗ ಹಟ ಹಿಡಿದಿದ್ದ. ಟೈಲರನಿಗೋ, ಹಳೇ ಬಂಗಲೆಯ ಇಂಗ್ಲಿಷ್ ದೊರೆಯ 'ಟೈಲರ್' ಎಂಬ ಅಡ್ಡಹೆಸರು ಹೊತ್ತ ತಮ್ಮದು ದೊರೆಯದೇ ರಕ್ತ ಎಂಬ ಹೆಮ್ಮೆ. ಅದನ್ನು ತೋರಿಸಿ ಮಗನ ಬಾಯಿ ಮುಚ್ಚಿಸಬೇಕೆಂದು ಹೆಂಡತಿಯೊಡನೆ ಇಗರ್ಜಿಗೆ ಹೋಗಿ, ದೊರೆಗಳ ಕಾಲದ, ತಮ್ಮ ವಂಶದ ಮೂಲಪುರುಷನ ಜ್ಞಾನಸ್ನಾನದ ದಾಖಲೆ ತೆಗೆಸಿದ.

ಮಸಿ ಹರಡಿದ ಸಾಲಿನ ಮೇಲೆ ಬೆರಳಿಟ್ಟು ತಾನೇ ಓದಿದ: "ಮಗುವಿನ ತಾಯಿ, ದೊರೆಯ ಮನೆಯವಳು. ಕೇಳಿಸ್ತೇನೇ?"

ಪಾದ್ರಿಗಳು ಬಗ್ಗಿ ನೋಡಿದರು. "ಮನೆಯವಳು ಅಲ್ಲಪ್ಪ, ಮನೆಯಾಳು. ಕೊಂಡು ತಂದವಳು ಅಂತ ಪಕ್ಕದಲ್ಲೇ ಇದೆ. ತಂದೆ ಹೆಸರಿಲ್ಲ. ಆಗೆಲ್ಲ ಆಳುಮಕ್ಕಳಿಗೆ ಧಣಿಯ ಅಡ್ಡಹೆಸರೇ ಇಡ್ತಿದ್ರು."

"ಒಂದಕ್ಷರಕ್ಕೆ ಬಂಗಲೆನೇ ಹೋಯ್ತಲ್ರೀ" ಎಂದು ಹೆಂಡತಿ ನಕ್ಕಳು.

ಇಷ್ಟು ವರ್ಷ ಆ ತಾಯಿಯನ್ನು ದೊರೆಸಾನಿ ಮಾಡಿ ಮೆರೆಸಿದ್ದ. ಆಳಾಗಿಯೇ ಅವಳು ಬಾಗಿಲಿಗೆ ಬಂದಿದ್ದರೆ ತಾನು ಹೊಸಿಲು ದಾಟಲು ಬಿಡುತ್ತಿರಲಿಲ್ಲ ಎಂಬುದು ಹೊಳೆದು ಅವನ ಕಿವಿ ಬಿಸಿಯಾಯಿತು.

ಅಲ್ಲಿಂದ ನೇರವಾಗಿ ಅಡುಗೆಯಾಕೆಯ ಮನೆಗೆ ನಡೆದ. ಆದದ್ದನ್ನೆಲ್ಲ ಹೇಳಿ, "ನಾವೂ ಆಳಿನ ಮನೆಯವರೇ ಅಕ್ಕ. ಹೆಣ್ಣು ಕೊಡಿ" ಎಂದು ಕೇಳಿದ.

ಆಕೆ ಕೈಗಂಟಿದ ಹಿಟ್ಟು ಉಜ್ಜಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡಳು. "ಆಗ್ಲಿ ಅಣ್ಣ. ಆದ್ರೆ ಆಕೆ ನಿಜವಾಗ್ಲೂ ದೊರೆಸಾನಿನೇ ಆಗಿದ್ದಿದ್ರೆ, ನೀವು ಬರ್ತಿದ್ರಾ?"

"ಇಲ್ಲ ಅಕ್ಕ" ಎಂದ ಟೈಲರ್. ಸುಳ್ಳು ಹೇಳುವುದಕ್ಕೂ ಅವನಿಗೆ ಮುಖ ಉಳಿದಿರಲಿಲ್ಲ.