ಇಟ್ಟಿಗೆ ಗೋಡೆಯ ತೂತು

ಫ್ಲೆಕ್ಸ್ ಬೋರ್ಡುಗಳು ಆಗಷ್ಟೇ ಬಂದಿದ್ದ ಕಾಲ. ಅಗ್ರಹಾರದ ಒಂದು ಪ್ರಿಂಟಿಂಗ್ ಪ್ರೆಸ್ಸನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು, ನಡುವಿನ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದ್ದರು. ಹಳೆಯ ಡಿಸೈನುಗಳನ್ನು ಮಾತ್ರ ಪಾಲು ಮಾಡಲಾಗಲಿಲ್ಲ. ಅವೆಲ್ಲ ಇದ್ದದ್ದು ಅಣ್ಣನ ಎರಡು ಸರ್ವರ್‌ಗಳು ಹಂಚಿಕೊಂಡಿದ್ದ ಸ್ಟೋರೇಜಿನಲ್ಲಿ. ಅದಕ್ಕೆ ತಮ್ಮನ ಹೊಸ ಸರ್ವರನ್ನೂ ಸೇರಿಸಲು ನನ್ನನ್ನು ಕರೆಸಿದರು. ವೈರು ಎಳೆಯಲು ಆ ಇಟ್ಟಿಗೆಯಲ್ಲೇ ತೂತು ಕೊರೆಸಿದೆ.

"ಮೂರೂ ಸರ್ವರ್ ಒಂದೇ ಕಡೆ ಕೈ ಹಾಕಿದ್ರೆ ಜಗಳ ಆಗಲ್ವೇನ್ರೀ?" ಅಣ್ಣ ಕೇಳಿದರು.

"ಇಲ್ಲ ಸಾರ್. ಇದ್ದೀಯಾ ಅಂತ ಒಂದನ್ನೊಂದು ವಿಚಾರಿಸ್ಕೋತಾನೇ ಇರ್ತವೆ."

ಅವರು ಬಗ್ಗಿ ತೂತಿಗೆ ಕಿವಿಯಿಟ್ಟರು. ಆಚೆ ತಮ್ಮ ಕೆಮ್ಮುತ್ತಿದ್ದರು.

"ಅವನ ಕೆಮ್ಮು ಇನ್ನೂ ಹೋಗಿಲ್ಲ."

"ಕರೀಲಾ ಸಾರ್?"

ಅವರು ನೆಟ್ಟಗೆ ಎದ್ದು ನಿಂತು, "ಬೇಡ. ಇಲಿ ಬರ್ತವೆ, ಸಿಮೆಂಟು ಮೆತ್ತಿಸ್ಬುಡಿ" ಎಂದರು.

ವೈರಿನ ಸುತ್ತ ಮೆತ್ತಿಸಿದೆ. ಅಷ್ಟು ದಿನ ಓಡಾಡಿದರೂ ಆ ಪ್ರೆಸ್ಸಿನಲ್ಲಿ ನಾನು ಒಂದು ಇಲಿಯನ್ನೂ ಕಂಡಿರಲಿಲ್ಲ.